ವರ್ಷಕ್ಕೆ ಸಾವಿರ ಕಿಲೋಮೀಟರ್ ಕೂಡ ಓಡದ ಕಾರಿಗೆ ಯಾವ ರೋಡ್‌ಸೈಡ್ ಅಸಿಸ್ಟೆನ್ಸ್ ತಗೋಬೇಕು?

ಶೆಡ್ಡಿನ_ಕಾರು, ಹಾಸನ · ಭಾನುವಾರ ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಕಾರಿನ ಇನ್ಶೂರೆನ್ಸ್ ಮುಗಿಯಲು ಇನ್ನು 19 ದಿನ ಇದೆ. ಅಷ್ಟರೊಳಗೆ ಒಂದು ವಿಷಯ ತೀರ್ಮಾನ ಮಾಡಬೇಕು.

ಕಾರು 2016ರದು. ಪೆಟ್ರೋಲ್ ಹ್ಯಾಚ್‌ಬ್ಯಾಕ್, 1,197 ಸಿಸಿ, ಮ್ಯಾನ್ಯುಯಲ್ ಗೇರ್. ಇಷ್ಟು ವರ್ಷಕ್ಕೆ ಓಡಿರುವುದು 31,000 ಚಿಲ್ಲರೆ. ಕಳೆದ ವರ್ಷ ಬರೀ 940 ಕಿಲೋಮೀಟರ್. ಊರೊಳಗೆ ನನಗೆ ಸ್ಕೂಟರ್ ಸಾಕು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ, ಬೇಲೂರಿನ ತಂಗಿ ಮನೆಗೆ, ವರ್ಷಕ್ಕೊಂದು ಸಲ ಧರ್ಮಸ್ಥಳಕ್ಕೆ, ಇಷ್ಟಕ್ಕೇ ಕಾರು ಹೊರಗೆ ಬರುತ್ತದೆ. ಹಾಸನಾಂಬೆ ಬಾಗಿಲಾದರೂ ವರ್ಷಕ್ಕೊಂದು ಸಲ ತಪ್ಪದೆ ತೆಗೆಯುತ್ತಾರೆ, ನಿನ್ನ ಶೆಡ್ಡಿನದು ಅದೂ ಗ್ಯಾರಂಟಿ ಇಲ್ಲ ಅಂತ ನಮ್ಮನೆಯವರು ಆಡಿಕೊಳ್ಳುತ್ತಾರೆ.

ಕಳೆದ ತಿಂಗಳು ಅಮ್ಮನಿಗೆ ಮಂಗಳೂರಿನಲ್ಲಿ ಬೆಳಿಗ್ಗೆ 10ಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇತ್ತು. ಐದು ಗಂಟೆಗೇ ಎದ್ದು, ಫ್ಲಾಸ್ಕಿಗೆ ಕಾಫಿ ತುಂಬಿ, ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದರೆ ಟಕ್ ಟಕ್ ಟಕ್. ಅಷ್ಟೇ. ಮೀಟರಿನ ದೀಪಗಳು ಮಿಣಿಮಿಣಿ ಅಂದು ಆರಿಹೋದವು. ಎರಡು ವರ್ಷದಿಂದ ಆನ್‌ಲೈನಲ್ಲಿ ದುಡ್ಡು ಕಟ್ಟಿ ಇಟ್ಟುಕೊಂಡಿದ್ದ ಆರ್‌ಎಸ್‌ಎ (ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ಗಾಡಿ ಕೈಕೊಟ್ಟರೆ ಬಂದು ನೆರವಾಗುವ ಸೇವೆ) ಪ್ಲಾನ್ ನೆನಪಾಯಿತು. ಖುಷಿಯಿಂದಲೇ ಫೋನ್ ಮಾಡಿದೆ.

‘ಗಾಡಿ ಈಗ ಎಲ್ಲಿದೆ ಮೇಡಂ?’

‘ಮನೆ ಶೆಡ್ಡಲ್ಲಿ.’

‘ನಿಮ್ಮ ಪ್ಲಾನ್‌ನಲ್ಲಿ ಮನೆ ವಿಳಾಸದಲ್ಲಿ ಸರ್ವಿಸ್ ಇಲ್ಲ ಮೇಡಂ. ಮನೆಯಿಂದ ದೂರ ಇದ್ದರೆ ಮಾತ್ರ.’

ಹಾಗಾದರೆ ಕಾರನ್ನು ಎನ್.ಆರ್. ಸರ್ಕಲ್ ತನಕ ತಳ್ಳಿಕೊಂಡು ಹೋಗಿ ಅಲ್ಲಿಂದ ಫೋನ್ ಮಾಡಲಾ ಅಂತ ಕೇಳಿದೆ. ಆ ಹುಡುಗ ಪಾಪ, ನಗಲೂ ಆಗದೆ ಬೈಯಲೂ ಆಗದೆ ಸುಮ್ಮನಾದ. ಕೊನೆಗೆ ಟ್ಯಾಕ್ಸಿ ಮಾಡಿಕೊಂಡು ಹೋದೆವು.

ಈಗ ನನ್ನ ಮುಂದೆ ಮೂರು ದಾರಿ ಇವೆ. ಇನ್ಶೂರೆನ್ಸ್ ಜೊತೆಗೇ ಆಡ್-ಆನ್ ಆಗಿ ತಗೊಳ್ಳುವುದು, ಕಾರು ಕಂಪನಿಯವರ ಸ್ಕೀಮ್, ಇಲ್ಲವೇ ಇದೇ ಥರ ಬೇರೆ ಯಾವುದಾದರೂ ಆ್ಯಪ್ ಕಂಪನಿ. ಇಷ್ಟು ಕಡಿಮೆ ಓಡುವ ಕಾರಿಗೆ ಯಾವುದು ಸರಿ? ಅಥವಾ ಯಾವುದೂ ಬೇಡವಾ?


ಬಿಎಂರೋಡ್_ಬೈಕರ್ · ಭಾನುವಾರ 8:05

ಯಾವುದೂ ಬೇಡ. ಪಕ್ಕದ ಮನೆಯ ಇಬ್ಬರು ಹುಡುಗರನ್ನು ಕರೆದು ತಳ್ಳಿಸಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡಿ. ಮ್ಯಾನ್ಯುಯಲ್ ಗಾಡಿ ತಾನೇ? ಹಾಸನದಲ್ಲಿ ಇದಕ್ಕೆಲ್ಲ ಇನ್ಶೂರೆನ್ಸಾ!


ಶೆಡ್ಡಿನ_ಕಾರು · ಭಾನುವಾರ 8:20

ಬೆಳಗಿನ ಜಾವ ಐದು ಗಂಟೆಗೆ ಪಕ್ಕದ ಮನೆ ಹುಡುಗರನ್ನು ಎಬ್ಬಿಸಲು ನೀವು ಬರುತ್ತೀರಾ? 😀 ಅಲ್ಲದೆ ನಮ್ಮ ಶೆಡ್ಡು ರಸ್ತೆಗಿಂತ ತಗ್ಗಿನಲ್ಲಿದೆ. ಹಿಂದಕ್ಕೆ, ಏರಿಗೆ ತಳ್ಳಬೇಕು.


ಸ್ಪ್ಯಾನರ್_13 · ಭಾನುವಾರ 9:10

ಗ್ಯಾರೇಜಿನವನು ನಾನು. ಬ್ಯಾಟರಿ ಅರೆಜೀವ ಇದ್ದರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಮೀಟರ್ ದೀಪವೇ ಆರಿಹೋಗಿದೆ ಅಂದರೆ ಕಷ್ಟ. ಈಗಿನ ಪೆಟ್ರೋಲ್ ಗಾಡಿಯಲ್ಲಿ ಪೆಟ್ರೋಲ್ ಪಂಪು, ಇಂಜೆಕ್ಟರ್, ಕಂಪ್ಯೂಟರ್ ಎಲ್ಲದಕ್ಕೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಬೇಲೂರು ತನಕ ತಳ್ಳಿದರೂ ಹತ್ತಲ್ಲ.

ಮೇಡಂ, ಆರ್‌ಎಸ್‌ಎ ಯಾವುದು ಅಂತ ಆಮೇಲೆ ನೋಡೋಣ. ಮೊದಲು ಒಂದು ಹೇಳಿ. ಎಷ್ಟು ದಿನ ನಿಲ್ಲಿಸಿದರೆ ಬ್ಯಾಟರಿ ಕೂರುತ್ತದೆ? ಒಂದು ತಿಂಗಳಿಗಾ, ಹತ್ತು ದಿನಕ್ಕಾ? ಬ್ಯಾಟರಿ ಹಾಕಿಸಿ ಎಷ್ಟು ವರ್ಷ ಆಯಿತು?


ಆಲ್ದೂರು_ಅರೇಬಿಕಾ · ಭಾನುವಾರ 11:30

ತೋಟದಲ್ಲಿರುವವರ ಅನುಭವ ಕೇಳಿ. ನಮ್ಮ ಮನೆಗೆ ಟಾರ್ ರಸ್ತೆಯಿಂದ ಮುಕ್ಕಾಲು ಕಿಲೋಮೀಟರ್ ಮಣ್ಣು ರಸ್ತೆ. ಹೋದ ವರ್ಷ ಜುಲೈನಲ್ಲಿ ಕಾರು ಅಂಗಳದಲ್ಲೇ ಕೈಕೊಟ್ಟಿತು. ಆರ್‌ಎಸ್‌ಎಯವರು ಬಂದರು, ಇಲ್ಲ ಅನ್ನಲ್ಲ. ಗೇಟಿನ ಹತ್ತಿರ ಲಾರಿ ನಿಲ್ಲಿಸಿ ಕೆಸರು ನೋಡಿದರು. ‘ಟಾರ್ ರಸ್ತೆಗೆ ತಂದು ಕೊಡಿ ಸಾರ್, ಅಲ್ಲಿಂದ ನಾವು ಒಯ್ಯುತ್ತೇವೆ’ ಅಂದರು. ನಮ್ಮದೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದೆ. ಆಮೇಲೆ ಪಾಲಿಸಿ ಓದಿದರೆ ಅದೇ ಬರೆದಿತ್ತು. ವಾಹನ ಹೋಗುವಂಥ ರಸ್ತೆಯಲ್ಲಿದ್ದರೆ ಮಾತ್ರ ಅಂತ. ಮಳೆಗಾಲದಲ್ಲಿ ನಮ್ಮ ದಾರಿಯನ್ನು ರಸ್ತೆ ಅನ್ನಲು ನನಗೇ ಬಾಯಿ ಬರಲ್ಲ, ಅವರದೇನು ತಪ್ಪು.

ನಮ್ಮ ತಂದೆಯ ಅಂಬಾಸಿಡರ್ ಗ್ರಿಲ್ ಮೇಲೆ ದಕ್ಷಿಣ ಭಾರತದ ಆಟೊಮೊಬೈಲ್ ಅಸೋಸಿಯೇಷನ್ನಿನ ಬ್ಯಾಡ್ಜ್ ಇತ್ತು. ಮದ್ರಾಸಿನದು ಆ ಸಂಘ. ಆಗೆಲ್ಲ ಅದೊಂದು ಗತ್ತು. ಕಾರು ನಿಂತರೆ ಮಾತ್ರ ತಂದೆ ನೆಚ್ಚಿಕೊಂಡಿದ್ದು ಬ್ಯಾಡ್ಜನ್ನಲ್ಲ, ಡಿಕ್ಕಿಯಲ್ಲಿದ್ದ ಹಗ್ಗವನ್ನು. ಈಗಲೂ ಆ ಹಗ್ಗ ನನ್ನ ಹತ್ತಿರ ಇದೆ.


ವೀಕೆಂಡ್_ಮಲ್ನಾಡು · ಭಾನುವಾರ ಮಧ್ಯಾಹ್ನ 1:15

ನಾನಿರುವುದು ಬೆಂಗಳೂರಿನಲ್ಲಿ, ಕಾರು ಇರುವುದು ಚಿಕ್ಕಮಗಳೂರಿನಲ್ಲಿ ಅಪ್ಪ ಅಮ್ಮನ ಮನೆಯಲ್ಲಿ. ಎರಡು ತಿಂಗಳಿಗೊಮ್ಮೆ ಬಂದು ಓಡಿಸುತ್ತೇನೆ. ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವ ಗಾಡಿ. ಹಾಗಾಗಿ ತಳ್ಳುವ ಮಾತೇ ಇಲ್ಲ.

ಮುಳ್ಳಯ್ಯನಗಿರಿ ಕಡೆಯಿಂದ ಇಳಿಯುವಾಗ ಕೈಮರದ ಹತ್ತಿರ ಒಂದು ಸಲ ನಿಂತಿತು. ಮೊದಲು ಬಂದಿದ್ದು ಕೊಕ್ಕೆ ಹಾಕಿ ಎತ್ತುವ ಕ್ರೇನ್. ಮುಂದಿನ ಚಕ್ರ ಎತ್ತಿ, ಹಿಂದಿನದು ರಸ್ತೆ ಮೇಲೆ ಉರುಳಿಸಿಕೊಂಡು ಹೋಗುತ್ತೇವೆ ಅಂದರು. ನಾನು ಒಪ್ಪಲಿಲ್ಲ, ಹಾಗೆ ಎಳೆದರೆ ಗೇರ್‌ಬಾಕ್ಸ್ ಹಾಳು. ನಾಲ್ಕೂ ಚಕ್ರ ಮೇಲೆ ಕೂರುವ ಫ್ಲಾಟ್‌ಬೆಡ್ ಲಾರಿ ಬರುವಷ್ಟರಲ್ಲಿ ಐದು ಗಂಟೆ. ಅದು ನಿಮ್ಮ ಹಾಸನದಿಂದಲೇ ಬಂದಿದ್ದು.

ಆಟೊಮ್ಯಾಟಿಕ್ ಗಾಡಿ ಇರುವವರು ಪ್ಲಾನ್ ತಗೊಳ್ಳುವ ಮುಂಚೆ ‘ಟೋಯಿಂಗ್ ಇದೆಯಾ’ ಅಂತ ಕೇಳಬೇಡಿ. ಎಲ್ಲರೂ ಇದೆ ಅನ್ನುತ್ತಾರೆ. ‘ಫ್ಲಾಟ್‌ಬೆಡ್ ಕಳಿಸುತ್ತೀರಾ, ಯಾವ ಊರಿಂದ’ ಅಂತ ಕೇಳಿ.


ಪಾಲಿಸಿ_ಪುಟ್ಟ, ಚಿಕ್ಕಮಗಳೂರು · ಭಾನುವಾರ ಸಂಜೆ 6:50

ಇನ್ಶೂರೆನ್ಸ್ ಏಜೆಂಟ್ ಆಗಿರುವುದರಿಂದ ನನ್ನ ಮಾತನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ಯಾವ ಕಂಪನಿ ಹೆಸರೂ ಹೇಳಲ್ಲ.

ಇನ್ಶೂರೆನ್ಸಿನ ಆಡ್-ಆನ್ ಆಗಿ ಆರ್‌ಎಸ್‌ಎ ಬೇಕು ಅಂದರೆ ನಿಮ್ಮದು ಕಾಂಪ್ರೆಹೆನ್ಸಿವ್ ಪಾಲಿಸಿ, ಇಲ್ಲವೇ ಕನಿಷ್ಠ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗುವ ಹಾನಿ) ಇರುವ ಪಾಲಿಸಿ ಆಗಿರಬೇಕು. ‘ಹಳೇ ಕಾರು, ಓಡಲ್ಲ, ಬರೀ ಥರ್ಡ್ ಪಾರ್ಟಿ ಸಾಕು’ ಅನ್ನುವವರಿಗೆ, ಅಂದರೆ ಬೇರೆಯವರಿಗಾಗುವ ಹಾನಿಗೆ ಮಾತ್ರ ಇನ್ಶೂರೆನ್ಸ್ ಮಾಡಿಸುವವರಿಗೆ, ಆಡ್-ಆನ್ ಸಿಗಲ್ಲ. ಅವರು ಹೊರಗಿನ ಪ್ಲಾನ್ ನೋಡಬೇಕು. ಥರ್ಡ್ ಪಾರ್ಟಿ ದರ ಎಲ್ಲ ಕಂಪನಿಯಲ್ಲೂ ಒಂದೇ. ನಿಮ್ಮ 1,197 ಸಿಸಿ ಗಾಡಿಗೆ 2022ರ ಜೂನ್‌ನಲ್ಲಿ ನಿಗದಿಯಾದದ್ದು 3,416 ರೂಪಾಯಿ, ಜಿಎಸ್‌ಟಿ ಬೇರೆ. ಕಾರು ಓಡಲಿ ಬಿಡಲಿ, ಅದರಲ್ಲಿ ರಿಯಾಯಿತಿ ಇಲ್ಲ.

ರಿಯಾಯಿತಿ ಸಿಗುವುದು ಓನ್ ಡ್ಯಾಮೇಜ್ ಭಾಗದಲ್ಲಿ. ‘ಪೇ ಆ್ಯಸ್ ಯು ಡ್ರೈವ್’ ಅಂತ ಒಂದು ಆಡ್-ಆನ್ ಇದೆ, ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟದ್ದು. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಓಡಿಸುತ್ತೇನೆ ಅಂತ ಮೊದಲೇ ಹೇಳಿ ಪ್ರೀಮಿಯಂ ಇಳಿಸಿಕೊಳ್ಳಬಹುದು. 940 ಕಿಲೋಮೀಟರ್ ಓಡಿಸುವವರು ಇದನ್ನು ಕೇಳದೆ ರಿನ್ಯೂ ಮಾಡಿದರೆ ಅದು ದಾನ. ಆ ಉಳಿತಾಯದಲ್ಲೇ ಆರ್‌ಎಸ್‌ಎ ದುಡ್ಡು ಬಂದರೂ ಬರಬಹುದು.

ಇನ್ನೊಂದು. ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟು ಸ್ಟಾರ್ಟ್ ಮಾಡುವುದು), ಟೋಯಿಂಗ್ ಅಂತ ಕರೆದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ ಅಂತ ಎಷ್ಟೋ ಜನ ಹೆದರಿ ಫೋನೇ ಮಾಡಲ್ಲ. ಆಡ್-ಆನ್ ಆರ್‌ಎಸ್‌ಎ ಬಳಸಿದರೆ ಸಾಮಾನ್ಯವಾಗಿ ಬೋನಸ್‌ಗೆ ಏನೂ ಆಗಲ್ಲ. ಬೋನಸ್ ನಿಜವಾಗಿ ಹೋಗುವುದು ಹಾನಿಗೆ ಕ್ಲೇಮ್ ಮಾಡಿದರೆ, ಇಲ್ಲವೇ ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ. ಕಮ್ಮಿ ಓಡಿಸುವವರು ಮಾಡುವ ದೊಡ್ಡ ತಪ್ಪೇ ಅದು. ‘ಕಾರು ಶೆಡ್ಡಲ್ಲೇ ಇದೆಯಲ್ಲ, ಹಬ್ಬಕ್ಕೆ ತೆಗೆಯುವಾಗ ನೋಡೋಣ’ ಅಂತ ಬಿಟ್ಟು 50 ಪರ್ಸೆಂಟ್ ಬೋನಸ್ ಕಳೆದುಕೊಂಡವರು ನನ್ನ ಲಿಸ್ಟಲ್ಲೇ ಇದ್ದಾರೆ.


ಶೆಡ್ಡಿನ_ಕಾರು · ಭಾನುವಾರ ರಾತ್ರಿ 9:00

ಪುಟ್ಟ ಅವರೇ, ಪೇ ಆ್ಯಸ್ ಯು ಡ್ರೈವ್ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್.

ಸ್ಪ್ಯಾನರ್ ಅವರೇ, ಬ್ಯಾಟರಿ ಹಾಕಿಸಿ ಎರಡು ವರ್ಷ ಅಷ್ಟೇ, ವಾರಂಟಿ ಇನ್ನೂ ಇದೆ. ಅಂಗಡಿಯವರು ಟೆಸ್ಟ್ ಮಾಡಿ ಚೆನ್ನಾಗಿದೆ ಅಂದರು. ವಾರಕ್ಕೊಮ್ಮೆ ತೆಗೆದರೆ ತೊಂದರೆ ಇಲ್ಲ. ಹತ್ತು ದಿನ ಬಿಟ್ಟರೆ ಟಕ್ ಟಕ್. ಅದಕ್ಕೇ ಈಗ ದಿನಾ ಬೆಳಿಗ್ಗೆ ಶೆಡ್ಡಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದೇನೆ.


ಸ್ಪ್ಯಾನರ್_13 · ಭಾನುವಾರ ರಾತ್ರಿ 9:35

ಅದನ್ನು ನಾಳೆಯಿಂದಲೇ ನಿಲ್ಲಿಸಿ. ಶೆಡ್ಡಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಆಗಲ್ಲ. ಇಂಜಿನ್ ಬಿಸಿಯೂ ಆಗಲ್ಲ. ಸೈಲೆನ್ಸರ್ ಒಳಗೆ ಕೂತ ನೀರು ಅಲ್ಲೇ ಉಳಿದು ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಗೊರೂರು ಅಣೆಕಟ್ಟೆ ತನಕ ಹೋಗಿ ಬನ್ನಿ, ನಿಮಗೂ ಗಾಳಿ, ಗಾಡಿಗೂ ಗಾಳಿ.

ಹತ್ತು ದಿನಕ್ಕೆ ಹೊಸ ಬ್ಯಾಟರಿ ಕೂರುವುದು ಸರಿಯಲ್ಲ. ಲೆಕ್ಕ ನೋಡಿ. ಗಾಡಿ ಲಾಕ್ ಮಾಡಿ ಬಿಟ್ಟರೂ ಗಡಿಯಾರ, ಅಲಾರಂ, ಕಂಪ್ಯೂಟರ್ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತವೆ. 30 ಮಿಲಿ ಆಂಪ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 0.72 ಆಂಪ್ ಅವರ್. ತಿಂಗಳಿಗೆ 21 ಚಿಲ್ಲರೆ. ನಿಮ್ಮ ಬ್ಯಾಟರಿ 35 ಆಂಪ್ ಅವರ್ ಇದ್ದೀತು. ಅಂದರೆ ಎಲ್ಲ ಸರಿಯಿರುವ ಗಾಡಿಯಲ್ಲೂ ತಿಂಗಳಿಗೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಆದರೆ ನಿಮ್ಮದು ಹತ್ತು ದಿನಕ್ಕೇ ಕೂರುತ್ತಿದೆ. ಬೇರೆ ಯಾವುದೋ ಕಳ್ಳ ಒಳಗಿದ್ದಾನೆ. ಹೊರಗಿನಿಂದ ಏನಾದರೂ ಹಾಕಿಸಿದ್ದೀರಾ? ಸ್ಟೀರಿಯೋ, ಜಿಪಿಎಸ್, ಕ್ಯಾಮೆರಾ?


ಶೆಡ್ಡಿನ_ಕಾರು · ಭಾನುವಾರ ರಾತ್ರಿ 9:42

ಡ್ಯಾಶ್‌ಕ್ಯಾಮ್!! ಮಗ ಬೆಂಗಳೂರಿನಿಂದ ತಂದುಕೊಟ್ಟಿದ್ದು. ಇಲ್ಲೇ ಆ್ಯಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದೆ.


ಸ್ಪ್ಯಾನರ್_13 · ಭಾನುವಾರ ರಾತ್ರಿ 9:44

ನಾಳೆ ಯಾರಾದರೂ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಆಂಪ್ ಅಳೆಸಿ. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಅಳೆಯಬೇಕು. ತಕ್ಷಣ ಅಳೆದರೆ ತಪ್ಪು ತೋರಿಸುತ್ತದೆ. ಒಳಗಿನ ಕಂಪ್ಯೂಟರ್‌ಗಳು ಮಲಗಲು ಟೈಮ್ ಬೇಕು.


ಟೀಚರಮ್ಮ_ಬೇಲೂರು · ಸೋಮವಾರ ಬೆಳಿಗ್ಗೆ 6:30

ನನ್ನ ಅನುಭವ ಚಿಕ್ಕದು. ಮಳೆಗಾಲದಲ್ಲಿ ಒಂದೂವರೆ ತಿಂಗಳು ಕಾರು ತೆಗೆದಿರಲಿಲ್ಲ. ತೆಗೆದರೆ ಇಂಜಿನ್ ಚೆನ್ನಾಗಿ ಹತ್ತಿತು, ಗಾಡಿ ಅಲುಗಾಡಲಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿದುಕೊಂಡುಬಿಟ್ಟಿತ್ತು. ಆರ್‌ಎಸ್‌ಎ ಹುಡುಗ ಬಂದು ಹಿಂದಿನ ಚಕ್ರಕ್ಕೆ ಸುತ್ತಿಗೆಯಲ್ಲಿ ನಾಲ್ಕು ಬಡಿದ. ‘ಕಟ್’ ಅಂತ ಬಿಟ್ಟಿತು. ಐದು ನಿಮಿಷದ ಕೆಲಸ. ಈಗ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕಲ್ಲ. ಫಸ್ಟ್ ಗೇರಿಗೆ ಹಾಕಿ ಚಕ್ರಕ್ಕೆ ಎರಡು ಇಟ್ಟಿಗೆ ಕೊಡುತ್ತೇನೆ.

ಹಾಗೇ ಬಾನೆಟ್ ಒಳಗೆ ಇಲಿ ಇಲ್ಲ ಅಂತ ನೋಡಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಇಲಿ ಕಾಟ ಜಾಸ್ತಿ. ವೈರ್ ಕಡಿದರೆ ಆರ್‌ಎಸ್‌ಎ ಗಾಡಿಯನ್ನು ಗ್ಯಾರೇಜಿಗೆ ಒಯ್ಯುತ್ತದೆ ಅಷ್ಟೇ, ರಿಪೇರಿ ದುಡ್ಡು ನಮ್ಮದೇ. ಅದನ್ನು ಇನ್ಶೂರೆನ್ಸಲ್ಲಿ ಕೇಳಿದರೆ ಆಗ ಕ್ಲೇಮ್ ಲೆಕ್ಕಕ್ಕೆ ಬರುತ್ತದೆ.


ಬಿಎಂರೋಡ್_ಬೈಕರ್ · ಸೋಮವಾರ 10:20

ಹೈವೇಯಲ್ಲಿ ನಿಂತರೆ 1033 ಇದೆಯಲ್ಲ. ಫ್ರೀ. ಅದಿರುವಾಗ ದುಡ್ಡು ಯಾಕೆ?


ಆಲ್ದೂರು_ಅರೇಬಿಕಾ · ಸೋಮವಾರ 10:50

1033 ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಒಳ್ಳೆಯ ಸೇವೆ, ಎಲ್ಲರ ಫೋನಲ್ಲೂ ನಂಬರ್ ಇರಲಿ. ಕ್ರೇನ್ ಬರುತ್ತದೆ, ದಾರಿಗೆ ಅಡ್ಡ ಬಿದ್ದ ಗಾಡಿಯನ್ನು ಹತ್ತಿರದ ಸುರಕ್ಷಿತ ಜಾಗಕ್ಕೆ ಸಾಗಿಸುತ್ತದೆ. ನಿಮ್ಮ ಮೆಕ್ಯಾನಿಕ್ ಮನೆ ತನಕ ಬಿಡುವುದು ಅದರ ಕೆಲಸವಲ್ಲ. ಆಲ್ದೂರು, ಬಾಳೆಹೊನ್ನೂರು, ಕಳಸದ ಒಳರಸ್ತೆಗಳಲ್ಲಿ ನಿಂತರೆ 1033 ಕೂಡ ಲೆಕ್ಕಕ್ಕಿಲ್ಲ.

ಇನ್ನು ಚಾರ್ಮಾಡಿ. ಕೊಟ್ಟಿಗೆಹಾರ ದಾಟಿ ಇಳಿಯಲು ಶುರು ಮಾಡಿದರೆ ಎಷ್ಟೋ ತಿರುವುಗಳಲ್ಲಿ ಫೋನಿಗೆ ಸಿಗ್ನಲ್ಲೇ ಇರಲ್ಲ. ಆಗ ಆರ್‌ಎಸ್‌ಎ, 1033, ಆ್ಯಪ್ ಎಲ್ಲ ಒಂದೇ. ಎದುರಿನಿಂದ ಹತ್ತಿ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದ್ದೇನೆ ನಾನು, ಗಾಡಿ ನಂಬರ್, ಎಷ್ಟನೇ ತಿರುವು, ಪಾಲಿಸಿ ನಂಬರ್ ಬರೆದು. ಪುಣ್ಯಾತ್ಮ ಕೊಟ್ಟಿಗೆಹಾರದಲ್ಲಿ ಇಳಿದು ಫೋನ್ ಮಾಡಿದ. ಅದಕ್ಕೇ ಪಾಲಿಸಿ ನಂಬರ್ ಫೋನಿನ ಒಳಗೆ ಮಾತ್ರ ಇರಬಾರದು. ಒಂದು ಕಾಗದದಲ್ಲಿ ಬರೆದು ಗ್ಲವ್ ಬಾಕ್ಸಲ್ಲಿ ಇಡಿ.

ಘಾಟಿಯಲ್ಲಿ ನಿಂತರೆ ಹಜಾರ್ಡ್ ಲೈಟ್ ಹಾಕಿ, ತಿರುವಿನ ಆಚೆಯೇ ತ್ರಿಕೋನ ಇಡಿ. ಮಂಜಿನಲ್ಲಿ ಅದೂ ಕಾಣದಿದ್ದರೆ ಲಾರಿಯವರ ಹಾಗೆ ಎರಡು ಕೊಂಬೆ ಸೊಪ್ಪು ಮುರಿದು ಹಾಕಿ. ಆದರೆ ಕಲ್ಲು ಇಟ್ಟರೆ ಹೋಗುವಾಗ ದಯವಿಟ್ಟು ತೆಗೆದುಹಾಕಿ. ಗಾಡಿ ಹೋಗಿರುತ್ತದೆ, ಕಲ್ಲು ನಡುರಸ್ತೆಯಲ್ಲೇ ಕೂತಿರುತ್ತದೆ. ರಾತ್ರಿ ಬೈಕಿನವರು ಏನು ಮಾಡಬೇಕು?


ಬಿಎಂರೋಡ್_ಬೈಕರ್ · ಸೋಮವಾರ 11:05

ಕಲ್ಲಿನ ವಿಷಯಕ್ಕೆ ನೂರು ಲೈಕ್. ಒಂದು ಸಲ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದೇನೆ.


ಶೆಡ್ಡಿನ_ಕಾರು · ಮಂಗಳವಾರ ಸಂಜೆ 7:15

ಕಳ್ಳ ಸಿಕ್ಕಿದ.

ಎಲೆಕ್ಟ್ರಿಷಿಯನ್ ಮನೆಗೇ ಬಂದಿದ್ದರು. ಬ್ಯಾಟರಿಯ ಮೈನಸ್ ಬಿಚ್ಚಿ, ಮಧ್ಯೆ ಮೀಟರ್ ಸೇರಿಸಿ, ಬಾಗಿಲು ಲಾಕ್ ಮಾಡಿ ನಾವು ಕಾಫಿ ಕುಡಿದು ಬಂದೆವು. ಮೀಟರ್ 0.19 ತೋರಿಸುತ್ತಿತ್ತು. ಅಂದರೆ 190 ಮಿಲಿ ಆಂಪ್. ಒಂದೊಂದೇ ಫ್ಯೂಸ್ ಕಿತ್ತು ನೋಡಿದರು, ಇಳಿಯಲಿಲ್ಲ. ಕೊನೆಗೆ ಡ್ಯಾಶ್‌ಕ್ಯಾಮ್ ವೈರ್ ಎಲ್ಲಿಗೆ ಹೋಗಿದೆ ಅಂತ ಹುಡುಕಿದರೆ, ಅಂಗಡಿಯವರು ಫ್ಯೂಸ್ ಬಾಕ್ಸಿಗೆ ಕೊಡದೆ ನೇರ ಬ್ಯಾಟರಿಗೇ ಕೊಟ್ಟಿದ್ದಾರೆ! ಅದನ್ನು ಕಿತ್ತ ತಕ್ಷಣ 0.02ಕ್ಕೆ ಇಳಿಯಿತು. ನನ್ನ ಕ್ಯಾಮೆರಾ ಹಗಲೂ ರಾತ್ರಿ ಶೆಡ್ಡಿನ ಗೋಡೆಯನ್ನು ಶೂಟ್ ಮಾಡುತ್ತಿತ್ತು. ಈಗ ಕೀ ಹಾಕಿದರೆ ಮಾತ್ರ ಆನ್ ಆಗುವ ಹಾಗೆ ಮಾಡಿಕೊಟ್ಟಿದ್ದಾರೆ.

ಇವತ್ತೇ ಕೂತು ಮೂರೂ ಕಡೆ ಫೋನ್ ಮಾಡಿದೆ. ಕಾಗದ ಪೆನ್ನು ಇಟ್ಟುಕೊಂಡು, ಎಲ್ಲರಿಗೂ ಅದೇ ಪ್ರಶ್ನೆ.

ಇನ್ಶೂರೆನ್ಸ್ ಆಡ್-ಆನ್: ಮನೆ ಬಾಗಿಲಿಗೆ ಜಂಪ್ ಸ್ಟಾರ್ಟ್ ಇದೆ, ವರ್ಷಕ್ಕೆ ನಾಲ್ಕು ಸಲ. ಟೋಯಿಂಗ್ 50 ಕಿಲೋಮೀಟರ್. ನನ್ನ ಕಾರಿನ ವಯಸ್ಸಿಗೂ ಕೊಡುತ್ತಾರಂತೆ. ಆ ಹುಡುಗಿ ಮೊದಲು ‘ಎಲ್ಲಾ ಕವರ್ ಆಗುತ್ತೆ ಮೇಡಂ’ ಅಂದಳು. ಮನೆ ವಿಳಾಸದಲ್ಲಿ ಕೊಡುತ್ತಾರೆ ಅಂತ ಬರೆದಿರುವ ಸಾಲನ್ನು ಕಳಿಸಿ ಅಂದೆ. ಹತ್ತು ನಿಮಿಷ ಆದ ಮೇಲೆ ಕಳಿಸಿದಳು. ನಿಜವಾಗಿ ಬರೆದಿತ್ತು.

ಕಾರು ಕಂಪನಿ ಸ್ಕೀಮ್: ಮನೆಗೂ ಬರುತ್ತಾರೆ. ರೇಟು ಆಡ್-ಆನ್‌ಗಿಂತ ಮೂರು ಪಟ್ಟು ಜಾಸ್ತಿ. ಆದರೆ ಹಾಸನದಲ್ಲೇ ವರ್ಕ್‌ಶಾಪ್ ಇರುವುದರಿಂದ ಬೇಗ ಬರುತ್ತಾರೆ ಅನ್ನಿಸಿತು.

ಆ್ಯಪ್ ಕಂಪನಿ (ಹಳೆಯದಲ್ಲ, ಬೇರೆ): ರೇಟು ಎಲ್ಲಕ್ಕಿಂತ ಕಡಿಮೆ. ದುಡ್ಡು ಕಟ್ಟಿ ಏಳು ದಿನ ಆದ ಮೇಲೆ ಚಾಲೂ ಆಗುತ್ತದೆ. ಹಾಸನದಲ್ಲಿ ನಿಮ್ಮವರು ಯಾರು ಅಂತ ಕೇಳಿದರೆ ‘ನಮ್ಮ ನೆಟ್‌ವರ್ಕ್ ಭಾರತದಾದ್ಯಂತ ಇದೆ’ ಅಂದರು. ಭಾರತ ಬೇಡ ಮಾರಾಯ, ಹಾಸನ ಹೇಳು ಅಂದೆ. ಕಾಲ್ ಕಟ್ ಆಯಿತು. ಸಿಗ್ನಲ್ ಇರಬಹುದು ಬಿಡಿ.


ಪಾಲಿಸಿ_ಪುಟ್ಟ · ಮಂಗಳವಾರ ರಾತ್ರಿ 8:30

ಆ ಸಾಲನ್ನು ಬರವಣಿಗೆಯಲ್ಲಿ ತರಿಸಿಕೊಂಡಿರಲ್ಲ, ನನ್ನ ಗಿರಾಕಿಗಳು ಹೀಗೆ ಕೇಳಿದ್ದರೆ ನನ್ನ ತಲೆಕೂದಲು ಇನ್ನಷ್ಟು ಉದುರುತ್ತಿತ್ತು.

ಒಂದು ಕೇಳಲು ಮರೆತಿರಿ. 50 ಕಿಲೋಮೀಟರ್ ಟೋಯಿಂಗ್ ಅಂದರೆ ಎಲ್ಲಿಂದ ಎಲ್ಲಿಗೆ? ಕೆಲವರು ಗಾಡಿ ನಿಂತ ಜಾಗದಿಂದ ಗ್ಯಾರೇಜಿನವರೆಗೆ ಎಣಿಸುತ್ತಾರೆ. ಕೆಲವರು ಲಾರಿ ಹೊರಟ ಜಾಗದಿಂದಲೇ ಎಣಿಸಿ, ಹೋಗಿ ಬರುವುದೆಲ್ಲ ಸೇರಿಸುತ್ತಾರೆ. ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿಯ ಮಾರನಹಳ್ಳಿಯಲ್ಲಿ ನಿಂತಿತು ಅಂದುಕೊಳ್ಳಿ. ಹಾಸನದಿಂದ ಸಕಲೇಶಪುರವೇ 40 ಕಿಲೋಮೀಟರ್, ಮಾರನಹಳ್ಳಿ ಇನ್ನೂ ಮುಂದೆ. ಎರಡನೇ ಥರದ ಲೆಕ್ಕದಲ್ಲಿ ಲಾರಿ ನಿಮ್ಮನ್ನು ಮುಟ್ಟುವಷ್ಟರಲ್ಲೇ 50 ಮುಗಿದಿರುತ್ತದೆ. ಮಿಕ್ಕದ್ದಕ್ಕೆ ಕಿಲೋಮೀಟರಿಗಿಷ್ಟು ಅಂತ ನೀವೇ ಕೊಡಬೇಕು.


ವೀಕೆಂಡ್_ಮಲ್ನಾಡು · ಮಂಗಳವಾರ ರಾತ್ರಿ 9:05

ಸಕಲೇಶಪುರದಲ್ಲೇ ರಿಪೇರಿ ಮಾಡಿಸಿದರೆ ಆಯಿತಪ್ಪ. ಎಲ್ಲಾ ಹಾಸನಕ್ಕೇ ಯಾಕೆ ತರಬೇಕು?


ಸ್ಪ್ಯಾನರ್_13 · ಮಂಗಳವಾರ ರಾತ್ರಿ 9:12

ನಮ್ಮ ಹೊಟ್ಟೆ ಮೇಲೆ ಹೊಡೆಯಬೇಡಿ ಸಾರ್.


ಶೆಡ್ಡಿನ_ಕಾರು · ಗುರುವಾರ ಬೆಳಿಗ್ಗೆ 8:10

ಕೇಳಿದೆ. ಗಾಡಿ ನಿಂತ ಜಾಗದಿಂದ ಗ್ಯಾರೇಜಿಗೆ ಎಣಿಸುತ್ತಾರಂತೆ. ಅದನ್ನೂ ಮೇಲ್‌ನಲ್ಲಿ ತರಿಸಿಕೊಂಡೆ. ಆಡ್-ಆನ್ ತಗೊಂಡು ರಿನ್ಯೂವಲ್ ಮುಗಿಸಿದೆ, ಪೇ ಆ್ಯಸ್ ಯು ಡ್ರೈವ್ ಕೂಡ ಹಾಕಿಸಿದೆ. ಮೀಟರಿನ ಫೋಟೋ ಕಳಿಸಬೇಕಿತ್ತು, ಕಳಿಸಿದೆ. ಎರಡೂ ಸೇರಿಸಿ ಹೋದ ವರ್ಷಕ್ಕಿಂತ ಕಡಿಮೆಯೇ ಆಯಿತು. ಕಾರು ಕಂಪನಿ ಸ್ಕೀಮ್ ನನ್ನಂಥವರಿಗೆ ಬೇಡ ಅನ್ನಿಸಿತು. ದಿನಾ ಹೈವೇ ಮೇಲಿರುವವರಿಗೆ ಅದು ಸರಿ. ನನ್ನ ಕಾರು ಕೆಡುವುದು ಶೆಡ್ಡಲ್ಲಿ. ಅಲ್ಲಿಗೆ ಒಬ್ಬ ಹುಡುಗ ಜಂಪ್ ಕೇಬಲ್ ಹಿಡಿದು ಬಂದರೆ ಸಾಕು.

ಜಂಪ್ ಕೇಬಲ್ ನಾನೂ ಒಂದು ತಗೊಂಡೆ. ಹೇಗೆ ಹಾಕುವುದು ಅಂತ ಯಾರಾದರೂ ಸರಿಯಾಗಿ ಹೇಳಿ, ವಿಡಿಯೋದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.


ಸ್ಪ್ಯಾನರ್_13 · ಗುರುವಾರ ಮಧ್ಯಾಹ್ನ 2:20

ಎರಡೂ ಗಾಡಿ ಆಫ್. ಎರಡು ಗಾಡಿ ಒಂದಕ್ಕೊಂದು ತಾಗಬಾರದು. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಉಳಿದ ಕಪ್ಪು ತುದಿಯನ್ನು ಸತ್ತ ಬ್ಯಾಟರಿಗೆ ಹಾಕಬೇಡಿ. ಆ ಗಾಡಿಯ ಇಂಜಿನ್ ಮೇಲೆ ಬಣ್ಣ ಇಲ್ಲದ ದಪ್ಪ ಕಬ್ಬಿಣ ಇರುತ್ತದಲ್ಲ, ಅಲ್ಲಿಗೆ ಕಚ್ಚಿಸಿ. ಕೊನೆಯ ತುದಿ ತಾಗಿಸುವಾಗ ಕಿಡಿ ಹಾರುತ್ತದೆ, ಬ್ಯಾಟರಿ ಹತ್ತಿರ ಗ್ಯಾಸ್ ಇರುತ್ತದೆ, ಅದಕ್ಕೇ ದೂರ. ಒಳ್ಳೆಯ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ, ಆಮೇಲೆ ನಿಮ್ಮದು. ಬಿಚ್ಚುವಾಗ ಉಲ್ಟಾ ಕ್ರಮ.

ಧರ್ಮಸ್ಥಳಕ್ಕೆ ಯಾವಾಗ ಹೋಗುತ್ತೀರಿ?


ಶೆಡ್ಡಿನ_ಕಾರು · ಗುರುವಾರ ಮಧ್ಯಾಹ್ನ 2:45

ಮುಂದಿನ ತಿಂಗಳು. ಯಾಕೆ?


ಸ್ಪ್ಯಾನರ್_13 · ಗುರುವಾರ ಮಧ್ಯಾಹ್ನ 2:50

31,000 ಕಿಲೋಮೀಟರ್ ಅಂದಿರಲ್ಲ, ಆಗಲೇ ತಲೆಯಲ್ಲಿ ಕೂತಿತ್ತು. ಟೈರ್ ಬದಲಾಯಿಸಿದ್ದೀರಾ? ಟೈರಿನ ಪಕ್ಕೆಯಲ್ಲಿ ಉದ್ದದ ಗುಂಡುಗುಂಡಾದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. ಓದಿ ಹೇಳಿ.


ಶೆಡ್ಡಿನ_ಕಾರು · ಗುರುವಾರ ಸಂಜೆ 5:30

ಬ್ಯಾಟರಿ ಹಿಡಿದು ನೆಲದ ಮೇಲೆ ಮಲಗಿ ಓದಿದೆ. ಟಾರ್ಚ್ ಬ್ಯಾಟರಿ ಸ್ವಾಮಿ, ಕಾರಿನದಲ್ಲ. 1416. ನಾಲ್ಕರಲ್ಲೂ ಅದೇ. ಗ್ರೂವ್ ಎಲ್ಲ ಚೆನ್ನಾಗಿದೆ, ಹೊಸದರ ಹಾಗೇ ಇದೆ.


ಸ್ಪ್ಯಾನರ್_13 · ಗುರುವಾರ ಸಂಜೆ 5:34

2016ರ 14ನೇ ವಾರದಲ್ಲಿ ತಯಾರಾದ ಟೈರ್. ಗ್ರೂವ್ ನೋಡಬೇಡಿ ಮೇಡಂ. ಹೆಬ್ಬೆರಳಲ್ಲಿ ಪಕ್ಕೆ ಒತ್ತಿ ನೋಡಿ, ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತದಾ?


ಶೆಡ್ಡಿನ_ಕಾರು · ಗುರುವಾರ ಸಂಜೆ 5:50

ಬಿಡುತ್ತದೆ. ಒಣಗಿದ ಕೆರೆ ಥರ ಇದೆ.


ಸ್ಪ್ಯಾನರ್_13 · ಗುರುವಾರ ಸಂಜೆ 5:52

ಈ ಟೈರಲ್ಲಿ ಶಿರಾಡಿ ಇಳಿಯಬೇಡಿ. ಆರ್‌ಎಸ್‌ಎ ಸ್ಟೆಪ್ನಿ ಹಾಕಿಕೊಡುತ್ತದೆ, ಸರಿ. ಆದರೆ ಟೈರ್ ಒಡೆದ ಮೇಲೆ ತಾನೇ ಅದು ಬರುವುದು. ಸ್ಟೆಪ್ನಿ ಯಾವ ಇಸವಿದು?


ಶೆಡ್ಡಿನ_ಕಾರು · ಗುರುವಾರ ಸಂಜೆ 6:15

ಅದೂ 1416. ಡಿಕ್ಕಿಯಿಂದ ಇವತ್ತೇ ಮೊದಲ ಸಲ ಆಚೆ ತೆಗೆದಿದ್ದು. ಮೇಲೆ ರಬ್ಬರ್ ಕೂದಲು ಇನ್ನೂ ಹಾಗೇ ನಿಂತಿದೆ. ಗಾಳಿ ನೋಡಿದರೆ ಬರೀ 12 ಇದೆ.

ಶನಿವಾರ ಗ್ಯಾರೇಜ್ ತೆಗೆದಿರುತ್ತದಾ?